ಪಡ್ರೆಯ ನೀರು ಮತ್ತು ಅರಿಯಲೊಲ್ಲದ ಆಡಳಿತ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳದ ಪಾಲಾದ ಕಾಸರಗೋಡು ಸೀಮೆಯ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆಯೆಂಬ ಗ್ರಾಮವಿದೆ. ಕನ್ನಡ, ತುಳು ಮಾತಾಡುವ ಇಲ್ಲಿನ ಕೃಷಿಕರು ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು ಪಡೆಯುತ್ತ ಬಂದವರು. ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟ. ಕೆಳಗೆ ಮನೆ, ಅಡಕೆತೋಟ, ತೋಡು. ಈ ನೆಲದ ಇಳಿಜಾರನ್ನು ಒಮ್ಮೆ ಕಂಡವರಿಗೆ ಮುಂದಿನ ವೃತ್ತಾಂತದಲ್ಲಿ ಆಶ್ಚರ್ಯಪಡತಕ್ಕದ್ದು ಹೆಚ್ಚೇನೂ ಇಲ್ಲ.

ಗೇರಿನ ಚಿಗುರು ಹೂಗಳನ್ನು ಕೆಡಿಸುವ ಚಹಾ ಸೊಳ್ಳೆಯನ್ನು ಅಡಗಿಸಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ನಿಯಮಗಳೇ ಇರಲಿಲ್ಲವೆನ್ನುವಂತಿಲ್ಲ. ನೀರಿನ ನೆಲೆಗಳನ್ನು ಮುಚ್ಚತಕ್ಕದ್ದು, ಮರದ ತಲೆಯಿಂದ ಬಹಳ ಎತ್ತರದಲ್ಲಿ ಹಾರತಕ್ಕದ್ದಲ್ಲ ಎಂದಿತ್ತು. ಬಾವಿಯನ್ನಾದರೆ ಸೋಗೆ ಹೊದಿಸಿ ಮುಚ್ಚಬಹುದು. ಸುರಂಗದಿಂದ ಹೊರಬಿದ್ದು ಹರಿಯುವ ನೀರನ್ನು ಮುಚ್ಚುವುದೆಂತು? ಏರುತಗ್ಗಿನ ಗುಡ್ಡಗಳ ನಡುವೆ ಮರಕ್ಕೆ ಅಂಟಿದಂತೆ ಹಾರುವುದೆಂತು? ಪಾಲಿಸಲಾಗದ ನಿಯಮವಾದರೂ ಕಾಗದದ ಮೇಲಿದ್ದುದರಿಂದ, ಪ್ರಶ್ನಿಸಿದವರಿಗೆ ಕೊಡಲು ಉತ್ತರವಂತೂ ಸಿದ್ಧವಿತ್ತು.

ಅರಿಯದವರು ಬೇರೆ, ಅರಿಯಲೊಲ್ಲದವರು ಬೇರೆ. ಪಡ್ರೆಯ ಸಂಗತಿ ಎರಡನೆಯದು. ಅಂಗವಿಕಲ ಕರುಗಳು ಹುಟ್ಟುತ್ತಿದ್ದುದನ್ನು ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಬರೆದು ತಿಳಿಸಿದ್ದರು. ಸ್ಥಳೀಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಒಂದೇ ಸಣ್ಣ ಪ್ರದೇಶದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅರ್ಬುದ ರೋಗಗಳು ಒತ್ತಾಗಿರುವುದನ್ನು ಗುರುತಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು; ಅವರು ಕೃಷಿ ಇಲಾಖೆಯ ನೌಕರರೇ ಆಗಿದ್ದರೆಂಬುದು ಗಮನಾರ್ಹ. ಇಷ್ಟಾದರೂ ಕೀಟನಾಶಕಕ್ಕೂ ರೋಗಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂಬ ವಾದ ನಿಲ್ಲಲಿಲ್ಲ. ಸಂಬಂಧವನ್ನು ಪರೀಕ್ಷಿಸತಕ್ಕ ಕಾರ್ಯವಾದರೋ ಸಿಂಪಡಣೆ ನಿಂತ ಮೇಲೆಯೇ ನಡೆಯಿತು. 2001ರಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಬಾಲಕರನ್ನು, ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಡನೆ ಹೋಲಿಸಿದರು. ರಕ್ತದಲ್ಲಿ ಕಂಡ ಸರಾಸರಿ ವಿಷಾಂಶ, ನೂರು ಕೋಟಿ ಭಾಗಕ್ಕೆ, ಇಲ್ಲಿ 7.47, ಅಲ್ಲಿ 1.37. ತರುವಾಯವೂ ಡಾ. ಸಿ. ಡಿ. ಮೇಯಿಯವರ ಅಧ್ಯಕ್ಷತೆಯ ಕೇಂದ್ರ ಸಮಿತಿಗೆ ಸಂಬಂಧ ಕಾಣಲಿಲ್ಲ.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡತಕ್ಕದ್ದೆಂದು ಅದೇ ನ್ಯಾಯಾಲಯ 2017ರ ಜನವರಿಯಲ್ಲಿ ಆಜ್ಞಾಪಿಸಿತು. ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ ವಿಚಾರಿಸಿದಾಗ, 3,704 ಮಂದಿಯಲ್ಲಿ ಹಣ ಮುಟ್ಟಿದ್ದುದು ನ್ಯಾಯಾಲಯ ನಿಂದನೆಯ ಅರ್ಜಿ ಸಲ್ಲಿಸಿದ್ದ 8 ಮಂದಿಗೆ.