ಐವಿಸಿ ಫಿಲ್ಟರ್: ಹಾಕಿಸಿದವರು ತೆಗೆಸುವುದನ್ನು ಮರೆಯಬಾರದು

ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡರೆ, ಹೃದಯದ ಬಲಭಾಗ ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ಜೀವಕ್ಕೇ ಅಪಾಯ. ಹೆಪ್ಪುಗಟ್ಟದಂತೆ ತಡೆಯುವ ಔಷಧವೇ ಇದಕ್ಕೆ ಮೊದಲ ಚಿಕಿತ್ಸೆ. ಮಿದುಳಿನಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವವಾಗುತ್ತಿದ್ದರೆ ಅದನ್ನು ಕೊಡಲಾಗದು. ಮುಖ್ಯವಾಗಿ ಅಂಥವರಿಗೆ ಐವಿಸಿ ಫಿಲ್ಟರ್.

ಕುತ್ತಿಗೆ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ಕೊಳವೆ ತೂರಿಸಿ, ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಳ್ಳುವ ತಂತಿಜಾಲರಿಯನ್ನು ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಯಲ್ಲಿ ಕೂರಿಸುತ್ತಾರೆ. ರಕ್ತ ಹರಿಯುತ್ತದೆ, ದೊಡ್ಡ ಹೆಪ್ಪು ಅಲ್ಲೇ ತಡೆಯುತ್ತದೆ. ಕಾಲಿನಲ್ಲಿರುವ ಹೆಪ್ಪನ್ನು ಮಾತ್ರ ಇದು ಕರಗಿಸುವುದಿಲ್ಲ. (1973ರಲ್ಲಿ ಬಂದ ಗ್ರೀನ್‌ಫೀಲ್ಡ್ ಫಿಲ್ಟರನ್ನು ರೂಪಿಸಿದವರಲ್ಲಿ ಒಬ್ಬರು ಶಸ್ತ್ರವೈದ್ಯರು, ಇನ್ನೊಬ್ಬರು ತೈಲೋದ್ಯಮದ ಎಂಜಿನಿಯರ್!)

ಬಹುಕಾಲ ಒಳಗಿದ್ದರೆ ಜಾಲರಿ ಓರೆಯಾಗಬಹುದು, ಮುರಿಯಬಹುದು, ಅದರಲ್ಲೇ ರಕ್ತ ಹೆಪ್ಪುಗಟ್ಟಬಹುದು. ಆದ್ದರಿಂದ ತೆಗೆಯಬಹುದಾದ ಫಿಲ್ಟರನ್ನು, ಅದರ ಅಗತ್ಯ ಮುಗಿದ ಮೇಲೆ ತೆಗೆಯಬೇಕೆಂದು ಅಮೆರಿಕದ ಎಫ್‌ಡಿಎ 2010ರಲ್ಲೇ ವೈದ್ಯರಿಗೆ ಸಲಹೆ ನೀಡಿತು.

ನಾವು ಗಡಿಯವರು. ಚಿಕಿತ್ಸೆ ಒಂದು ರಾಜ್ಯದಲ್ಲಾದರೆ ಮುಂದಿನ ತಪಾಸಣೆ ಇನ್ನೊಂದರಲ್ಲಿ. ನಡುವೆ ಈ ವಿಷಯ ಬಿಟ್ಟುಹೋಗುವುದು ಸುಲಭ. ಫಿಲ್ಟರ್ ಶಾಶ್ವತವೋ ತೆಗೆಯುವಂಥದ್ದೋ, ಯಾವ ದಿನ ಹಾಕಿದರು, ಯಾವಾಗ ಎಲ್ಲಿ ತೆಗೆಯುತ್ತಾರೆ ಎಂಬುದನ್ನು ಡಿಸ್ಚಾರ್ಜ್ ಪತ್ರದಲ್ಲೇ ಬರೆಸಿಕೊಳ್ಳಿ. ಹಠಾತ್ತನೆ ಉಸಿರುಗಟ್ಟಿದರೆ, ಎದೆ ನೋವು ಬಂದರೆ, ಫಿಲ್ಟರ್ ಇದ್ದರೂ ಕಾಯದೆ ಆಸ್ಪತ್ರೆಗೆ ಹೋಗಿ.