ಕಿವಿಗೊತ್ತಿದ ತರಂಗ: ಒಂದು ಶೋಧನೆಯ ಪೂರ್ವೋತ್ತರ

ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳ ಸುಳಿವನ್ನು ದೂರದಿಂದಲೇ ಅರಿಯಲೆಂದು ನಿರ್ಮಿತವಾದ ರೇಡಾರ್ ಯಂತ್ರಗಳು ಯುದ್ಧ ಮುಗಿದ ತರುವಾಯವೂ ವರ್ಷವರ್ಷಕ್ಕೆ ಬಲಿಷ್ಠವಾಗುತ್ತ ಬಂದಾಗ, ಅವುಗಳ ಸಮೀಪದಲ್ಲಿ ದಿನವೆಲ್ಲ ದುಡಿಯುತ್ತಿದ್ದ ಸೈನಿಕರ ಮತ್ತು ತಂತ್ರಜ್ಞರ ದೇಹಕ್ಕೆ ಆ ಸೂಕ್ಷ್ಮ ತರಂಗಗಳಿಂದ ಕೇಡುಂಟೋ ಎಂಬ ಶಂಕೆ ಅಮೆರಿಕದಲ್ಲಿ ತಲೆಯೆತ್ತಿತು. ಜರ್ಮನಿಯಿಂದ ಬಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿದ್ದ ಜೀವಭೌತವಿಜ್ಞಾನಿ ಹರ್ಮನ್ ಶ್ವಾನ್ ಅವರು 1953ರಲ್ಲಿ, ಮಾನವದೇಹವು ಸಹಜವಾಗಿ ಹೊರಚೆಲ್ಲಬಲ್ಲ ಶಾಖವೆಷ್ಟೆಂಬುದನ್ನು ಗಣಿಸಿ, ಮೈಯ ಒಂದು ಚದರ ಸೆಂಟಿಮೀಟರಿನ ಮೇಲೆ 10 ಮಿಲಿವಾಟಿಗಿಂತ ಅಧಿಕವಾದ ಶಕ್ತಿ ಬೀಳಲಾಗದೆಂದು ಸೂಚಿಸಿದರು. 1966ರಲ್ಲಿ ಅದೇ ಅಮೆರಿಕದ ಪ್ರಮಾಣವಾಯಿತು. ಸೋವಿಯತ್ ದೇಶದವರಾದರೋ, ತಮ್ಮ ಕಾರ್ಮಿಕರಲ್ಲಿ ತಲೆನೋವು, ನಿದ್ರಾನಾಶ, ಆಯಾಸಗಳನ್ನು ಕಂಡೆವೆಂದು ಹೇಳಿ, ಇಡೀ ದಿನದ ಕೆಲಸಕ್ಕೆ ಇದರ ಸಾವಿರದಲ್ಲೊಂದು ಪಾಲನ್ನು ಮಾತ್ರ ವಿಧಿಸಿದ್ದರು. ಸೂಕ್ಷ್ಮ ತರಂಗವು ಶರೀರವನ್ನು ಬಿಸಿಮಾಡುವುದಷ್ಟೇ ಅದರ ವ್ಯಾಪಾರವೋ, ಶಾಖಕ್ಕೆ ಅತೀತವಾದ ಪರಿಣಾಮವೊಂದು ಅದಕ್ಕುಂಟೋ ಎಂಬ ವಿವಾದದ ಬೇರು ಇಲ್ಲಿದೆ. ಮೊಬೈಲು ಬಂದಮೇಲೆ ನಡೆದ ಶೋಧನೆಯೆಲ್ಲವೂ ಈ ಬೇರಿನಿಂದಲೇ ಒಡೆದ ಕವಲು.

ಕ್ಷ-ಕಿರಣದಂತೆ ಅಣುಬಂಧವನ್ನು ಛೇದಿಸುವ ಸಾಮರ್ಥ್ಯ ಮೊಬೈಲಿನ ತರಂಗಕ್ಕಿಲ್ಲವೆಂಬುದು ಭೌತಶಾಸ್ತ್ರದಲ್ಲಿ ನಿರ್ವಿವಾದವಾದ ಸಂಗತಿ. ಆದಕಾರಣ ಪ್ರಮಾಣಗಳನ್ನು ಗೊತ್ತುಪಡಿಸಿದವರು ಶಾಖವನ್ನೇ ಆಧಾರವಾಗಿ ಹಿಡಿದು, ಪ್ರಾಣಿಗಳ ನಡವಳಿಕೆಯಲ್ಲಿ ವ್ಯತ್ಯಾಸ ಕಾಣುವ ಮಟ್ಟವಾದ ಕಿಲೋಗ್ರಾಮಿಗೆ 4 ವಾಟನ್ನು ಐವತ್ತರಿಂದ ಭಾಗಿಸಿ, ಸಾರ್ವಜನಿಕರ ಇಡೀ ದೇಹಕ್ಕೆ 0.08 ವಾಟಿನ ಮಿತಿಯನ್ನು ಇಟ್ಟರು. ತಲೆಗೆ ಒತ್ತಿಹಿಡಿವ ಮೊಬೈಲಿಗೆ ಅಮೆರಿಕದಲ್ಲಿ 1.6 ವಾಟ್, ಯೂರೋಪಿನಲ್ಲಿ 2 ವಾಟ್. ನಮ್ಮ ದೇಶವು 2012ರಲ್ಲಿ ಅಮೆರಿಕದ ಮಿತಿಯನ್ನೇ ಅಂಗೀಕರಿಸಿ, ಟವರುಗಳ ವಿಷಯದಲ್ಲಿ ಅಂತಾರಾಷ್ಟ್ರೀಯ ಮಿತಿಯ ಹತ್ತನೆಯ ಒಂದಂಶವನ್ನು ಮಾತ್ರ ಅನುಮತಿಸಿತು.

ಶಾಸ್ತ್ರಜ್ಞರ ಕೋಣೆಯೊಳಗಿದ್ದ ಪ್ರಶ್ನೆ ಲೋಕಕ್ಕೆ ಬಂದದ್ದು 1993ರ ಜನವರಿಯಲ್ಲಿ. ಫ್ಲಾರಿಡಾದ ಗೃಹಸ್ಥನೊಬ್ಬನು, ಮಿದುಳಿನ ಗಡ್ಡೆಯಿಂದ ತೀರಿಕೊಂಡ ತನ್ನ ಪತ್ನಿಗೆ ಆ ರೋಗ ಬಂದುದು ಮೊಬೈಲಿನಿಂದಲೇ ಎಂದು ದಾವೆ ಹೂಡಿ, ಅಮೆರಿಕವೆಲ್ಲ ನೋಡುವ ದೂರದರ್ಶನ ಸಂದರ್ಶನವೊಂದರಲ್ಲಿ ತನ್ನ ದುಃಖವನ್ನು ಹೇಳಿಕೊಂಡನು. ವೈಜ್ಞಾನಿಕ ಆಧಾರ ಸಾಲದೆಂದು ದಾವೆ ವಜಾ ಆಯಿತು. ಆದರೆ ಜನರ ಭೀತಿ ಹೋಗಲಿಲ್ಲ. ಉದ್ಯಮಿಗಳ ಸಂಘವೇ ಎರಡೂವರೆ ಕೋಟಿ ಡಾಲರುಗಳಷ್ಟನ್ನು ಸಂಶೋಧನೆಗೆ ತೆಗೆದಿರಿಸಿತು. ಮಾರುವವನೇ ಹಣವಿತ್ತು ನಡೆಸುವ ಪರೀಕ್ಷೆ ಎಷ್ಟೇ ಪ್ರಾಮಾಣಿಕವಾಗಿದ್ದರೂ, ನೊಂದವನ ಮನಸ್ಸಿಗೆ ಸಮಾಧಾನವನ್ನೀಯಲಾರದೆಂದು ನನ್ನ ಅಭಿಪ್ರಾಯ.

ಈ ಪ್ರಶ್ನೆಗೆ ಉತ್ತರವನ್ನರಸಿ 2000ದಲ್ಲಿ, ಲಿಯಾನ್ ನಗರದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಆಶ್ರಯದಲ್ಲಿ, ಎಲಿಜಬೆತ್ ಕಾರ್ಡಿಸ್ ಅವರ ನೇತೃತ್ವದಲ್ಲಿ, 13 ದೇಶಗಳ ‘ಇಂಟರ್‌ಫೋನ್’ ಅಧ್ಯಯನ ಆರಂಭವಾಯಿತು. ಗ್ಲಯೋಮಾ ಎಂಬ ಗಡ್ಡೆಯಿದ್ದ 2,708 ಮಂದಿಯನ್ನೂ ಮೆನಿಂಜಿಯೋಮಾ ಇದ್ದ 2,409 ಮಂದಿಯನ್ನೂ, ಅವರ ವಯಸ್ಸಿನವರೇ ಆದ ನಿರೋಗಿಗಳನ್ನೂ ಕಂಡು, ಹತ್ತು ವರ್ಷಗಳ ಹಿಂದೆ ನೀವು ವಾರಕ್ಕೆಷ್ಟು ಕರೆ ಮಾಡುತ್ತಿದ್ದಿರಿ, ಎಷ್ಟು ಹೊತ್ತು ಮಾತಾಡುತ್ತಿದ್ದಿರಿ, ಯಾವ ಕಿವಿಗೆ ಹಿಡಿಯುತ್ತಿದ್ದಿರಿ ಎಂದು ಕೇಳಲಾಯಿತು. ಶಸ್ತ್ರಚಿಕಿತ್ಸೆಯಾಗಿ ಮಲಗಿದವನು, ಈ ವಿಪತ್ತು ತನಗೇ ಏಕೆ ಬಂತೆಂದು ಹಗಲಿರುಳೂ ತನ್ನ ಗತಜೀವನವನ್ನು ಶೋಧಿಸುತ್ತಿರುವವನು, ಕೊಡುವ ಉತ್ತರಕ್ಕೂ, ಆರೋಗ್ಯವಂತನು ಮನೆಯ ಪಡಸಾಲೆಯಲ್ಲಿ ಕುಳಿತು ಕೊಡುವ ಉತ್ತರಕ್ಕೂ ಭೇದವಿರದೆ ಹೇಗೆ ಹೋದೀತು? ಕೆಲವು ದೇಶಗಳಲ್ಲಿ ಈ ಉತ್ತರಗಳನ್ನು ಕಂಪನಿಗಳ ದಾಖಲೆಗಳೊಡನೆ ಹೋಲಿಸಿದಾಗ, ಕಾಲವು ಹಿಂದೆ ಸರಿದಷ್ಟೂ ರೋಗಿಗಳು ತಮ್ಮ ಬಳಕೆಯನ್ನು ಹೆಚ್ಚಾಗಿ ಹೇಳಿದ್ದು ಕಂಡಿತು. ದಿನಕ್ಕೆ 5 ಗಂಟೆಗಿಂತ ಅಧಿಕ ಮಾತಾಡಿದೆವೆಂದವರಲ್ಲಿಯೂ ರೋಗಿಗಳೇ ಹೆಚ್ಚು. ಅತ್ತ, ಕರೆದ ನಿರೋಗಿಗಳಲ್ಲಿ ಅರ್ಧದಷ್ಟು ಮಂದಿ ಮಾತ್ರ ಬಂದರು. ಬಾರದೆ ಉಳಿದವರಲ್ಲಿ ಮೊಬೈಲು ಬಳಸದವರ ಪ್ರಮಾಣ ಹೆಚ್ಚಿತ್ತು.

ಫಲವಾಗಿ 2010ರಲ್ಲಿ ಪ್ರಕಟವಾದ ವರದಿಯು ಎರಡು ದಿಕ್ಕಿಗೆ ಕೈತೋರಿಸಿತು. ಮೊಬೈಲನ್ನು ನಿಯತವಾಗಿ ಬಳಸಿದವರಲ್ಲಿ ಗ್ಲಯೋಮಾ ಬಳಸದವರಿಗಿಂತ ಕಡಿಮೆಯೆಂದು 0.81ರ ಅನುಪಾತ ಹೇಳಿತು; ಒಟ್ಟು 1,640 ಗಂಟೆಗಳಿಗೆ ಮೇಲ್ಪಟ್ಟು ಮಾತಾಡಿದೆವೆಂದವರಲ್ಲಿ ಅದು 1.40, ಎಂದರೆ ಹೆಚ್ಚು. ಮೊಬೈಲು ಗಡ್ಡೆಯನ್ನು ತಡೆಯುತ್ತದೆಂದು ಯಾರೂ ನಂಬಲಾರರು. ಹಾಗಿದ್ದಮೇಲೆ ಮೊದಲ ಅಂಕಿಯನ್ನು ದೋಷವೆಂದು ತಳ್ಳಿ ಎರಡನೆಯದನ್ನು ಮಾತ್ರ ಸತ್ಯವೆಂದು ಎತ್ತಿಹಿಡಿಯುವುದು ನ್ಯಾಯವಲ್ಲ. ಎರಡೂ ಅದೇ ಮನುಷ್ಯರ ಅದೇ ನೆನಪಿನಿಂದ ಹೊರಟವು. ಮರುವರ್ಷ ಮೇ ತಿಂಗಳಲ್ಲಿ ಲಿಯಾನಿನಲ್ಲಿ ಸೇರಿದ 14 ದೇಶಗಳ 31 ತಜ್ಞರು ಈ ವರದಿಯನ್ನೂ ಸ್ವೀಡನ್ನಿನ ಲೆನಾರ್ಟ್ ಹಾರ್ಡೆಲ್ ಅವರ ಶೋಧನೆಗಳನ್ನೂ ಪರಿಶೀಲಿಸಿ, ರೇಡಿಯೋ ತರಂಗಗಳನ್ನು, ಕ್ಯಾನ್ಸರಕಾರಕವಾಗಿರಲೂಬಹುದೆಂಬ ‘2ಬಿ’ ವರ್ಗದಲ್ಲಿರಿಸಿದರು. ಆ ವರ್ಗವು ಸೂಚಿಸುವುದು ಸಾಕ್ಷ್ಯದ ಬಲಾಬಲವನ್ನು, ಅಪಾಯದ ಗಾತ್ರವನ್ನಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಈ ವಿವೇಚನೆ ಉಳಿಯದೆ ಹೋದುದು ಶೋಚನೀಯ.

ಇಲಿಗಳ ಮೇಲಿನ ಪ್ರಯೋಗಗಳೂ ನಡೆದವು. ಅಮೆರಿಕದ ಸರಕಾರವು ಎರಡು ವರ್ಷ, ದಿನಕ್ಕೆ 9 ಗಂಟೆ ತರಂಗಕ್ಕೊಡ್ಡಿದ ಗಂಡಿಲಿಗಳ ಹೃದಯದಲ್ಲಿ ಗಡ್ಡೆಗಳು ಕಂಡವೆಂದು 2018ರಲ್ಲಿ ವರದಿಯಾಯಿತು. ಆದರೆ ತರಂಗಕ್ಕೊಡ್ಡಿದ ಆ ಗಂಡಿಲಿಗಳೇ ಒಡ್ಡದವುಗಳಿಗಿಂತ ಹೆಚ್ಚು ಕಾಲ ಬದುಕಿದ್ದವು.

ನೆನಪನ್ನು ನೆಚ್ಚದೆ ನಡೆಯುವ ದಾರಿಯನ್ನು ಡೆನ್ಮಾರ್ಕಿನವರು ಮೊದಲೇ ಹಿಡಿದಿದ್ದರು. 1982ರಿಂದ 1995ರವರೆಗೆ ಚಂದಾದಾರರಾದ 4,20,095 ಮಂದಿಯ ಹೆಸರುಗಳನ್ನು ರಾಷ್ಟ್ರೀಯ ಕ್ಯಾನ್ಸರ್ ದಾಖಲೆಯೊಡನೆ ಹೊಂದಿಸಿ ನೋಡಿ, ಮಿದುಳಿನ ಗಡ್ಡೆ ಹೆಚ್ಚಿಲ್ಲವೆಂದು 2001ರಲ್ಲಿ ತಿಳಿಸಿದರು. ಆದರೆ ಬಳಕೆದಾರರಾರೆಂದು ತಿಳಿಯದ ಕಾರಣ ಕಂಪನಿಗಳ ಹೆಸರಿನಲ್ಲಿದ್ದ ಎರಡು ಲಕ್ಷ ಚಂದಾಗಳನ್ನು ಬಿಡಬೇಕಾಯಿತು. ಅತಿಯಾಗಿ ಮಾತಾಡುತ್ತಿದ್ದ ವ್ಯಾಪಾರಸ್ಥರೇ ಹಾಗೆ ಹೊರಗುಳಿದರು. ಈ ಕೊರತೆಯನ್ನು ತುಂಬಲೆಂದು ಕೈಗೊಂಡ ‘ಕಾಸ್ಮೋಸ್’ ಅಧ್ಯಯನವು ಯೂರೋಪಿನ ಎರಡೂವರೆ ಲಕ್ಷಕ್ಕೂ ಮಿಕ್ಕ ಜನರನ್ನು ರೋಗ ಬರುವ ಮೊದಲೇ ನೋಂದಾಯಿಸಿ, ಅವರ ಮಾತಿನೊಡನೆ ಕಂಪನಿಗಳ ಕರೆದಾಖಲೆಗಳನ್ನೂ ಸೇರಿಸಿ, ಏಳು ವರ್ಷಗಳ ಅವಲೋಕನದ ಬಳಿಕ 2024ರಲ್ಲಿ, ಹೆಚ್ಚು ಮಾತಾಡಿದವರಲ್ಲಿಯೂ ಗಡ್ಡೆ ಹೆಚ್ಚಲಿಲ್ಲವೆಂದು ಹೇಳಿತು. ಭಾರತವೂ ಸೇರಿದಂತೆ 14 ದೇಶಗಳಲ್ಲಿ 10ರಿಂದ 24 ವಯಸ್ಸಿನವರನ್ನು ಕುರಿತು ನಡೆದ ‘ಮೊಬಿ-ಕಿಡ್ಸ್’ ಶೋಧನೆಯೂ ಇದನ್ನೇ ಕಂಡಿತ್ತು. ಇವುಗಳನ್ನು ಓದಿ ನನಗೆ ಬಹುಮಟ್ಟಿಗೆ ಧೈರ್ಯ ಬಂದಿದೆ. ಆದರೂ ಮಿದುಳಿನ ಗಡ್ಡೆ ಬಲಿಯಲು ದಶಕಗಳೇ ಹಿಡಿಯಬಹುದಾದ್ದರಿಂದ, ಎಳವೆಯಲ್ಲಿಯೇ ಮೊಬೈಲು ಹಿಡಿದ ತಲೆಮಾರು ನಡುವಯಸ್ಸನ್ನು ಮುಟ್ಟುವತನಕ ಈ ನೋಂದಣಿಗಳನ್ನು ಹಣದ ಅಭಾವಕ್ಕಾಗಿ ನಿಲ್ಲಿಸದಿರಬೇಕೆಂಬುದು ನನ್ನ ಪ್ರಾರ್ಥನೆ.