ಹೈನುಗಾರನ ಮಗಳು ಬ್ಯಾಸ್ಕೆಟ್‌ಬಾಲ್ ಗುರುವಾದ ಚರಿತ್ರೆ



ಬೆಳ್ಳಿಹಬ್ಬದ ಸಂಚಿಕೆಗೆ ಒಂದು ಚರಿತ್ರೆಯ ಲೇಖನ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಸಂಘದ ಚರಿತ್ರೆಯನ್ನು ಬರೆಯಲು ನನಗಿಂತ ಹಿರಿಯರಿದ್ದಾರೆ. ಆದುದರಿಂದ ನಾನು ಬೇರೊಂದು ವಿಷಯ ಆರಿಸಿಕೊಂಡೆ. ಹಸು ಕಟ್ಟಿದ ಮನೆ, ಶಾಲೆ, ಹೆಣ್ಣುಮಕ್ಕಳ ಆಟ, ಈ ಮೂರೂ ಕೂಡಿಕೊಂಡರೆ ಏನಾಗುತ್ತದೆ ಎಂಬುದೇ ಆ ವಿಷಯ. ಊರು ದೂರದ್ದು, ಅಮೆರಿಕಾದ್ದು. ಆದರೂ ಓದುತ್ತಾ ಹೋದರೆ ನಮ್ಮ ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ಯಾವುದೋ ಮನೆಯ ಕಥೆಯಂತೆಯೇ ಕಾಣುತ್ತದೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ. ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು, ಚಳಿಗಾಲದಲ್ಲಿ ಹುಡುಗರು ಒಳಗೇ ಆಡಲಿ ಎಂದು ಪೀಚ್ ಹಣ್ಣಿನ ಬುಟ್ಟಿಯನ್ನು ಎತ್ತರಕ್ಕೆ ಕಟ್ಟಿ ಅದಕ್ಕೆ ಚೆಂಡು ಹಾಕಿಸಿದರು. ಮರುವರ್ಷವೇ, 1892ರಲ್ಲಿ, ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಮೇಡಂ ಹೆಣ್ಣುಮಕ್ಕಳಿಗೂ ಇದನ್ನು ಕಲಿಸಿದರು. ಹೆಂಗಸರು ಹೆಚ್ಚು ಓಡಿದರೆ ಮೈಗೆ ಆಗಿಬರುವುದಿಲ್ಲ ಎಂಬ ಮಾತು ಆಗ ಅಲ್ಲಿಯೂ ಇತ್ತು. ಅದಕ್ಕಾಗಿ ಅಂಗಳವನ್ನು ಭಾಗ ಮಾಡಿ, ಹುಡುಗಿಯರು ಗೆರೆ ದಾಟಿ ಓಡಬಾರದು ಎಂದು ಕಟ್ಟಲೆ ಮಾಡಿದರು.

ಅಮೆರಿಕಾದಲ್ಲಿ ಅಯೋವಾ ಎಂಬ ರಾಜ್ಯವಿದೆ. ಮುಸುಕಿನ ಜೋಳ, ಹಂದಿ, ದನ, ಇದೇ ಅಲ್ಲಿಯ ರೈತರ ಬದುಕು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಹುಡುಗಿಯರು ಈ ಆಟ ಆಡುತ್ತಿದ್ದರು. 1925ರಲ್ಲಿ ರಾಜ್ಯದ ಶಾಲಾ ಕ್ರೀಡಾ ಸಂಘದವರು ಹುಡುಗಿಯರ ಪಂದ್ಯಾವಳಿ ಇನ್ನು ಸಾಕು ಎಂದುಬಿಟ್ಟರು. ಆಗ ಸಣ್ಣ ಊರುಗಳ ಶಾಲಾ ಮುಖ್ಯಸ್ಥರು ಎದ್ದುನಿಂತರು. ನಿಮಗೆ ಬೇಡವಾದರೆ ಬಿಡಿ, ನಾವೇ ನಡೆಸುತ್ತೇವೆ ಎಂದು ಹೊರಬಂದು, ಹುಡುಗಿಯರ ಆಟಕ್ಕೇ ಬೇರೆ ಒಕ್ಕೂಟ ಕಟ್ಟಿದರು. ದೊಡ್ಡ ಪಟ್ಟಣದ ಶಾಲೆಗಳು ದಶಕಗಳ ಕಾಲ ದೂರವೇ ಉಳಿದವು. ಹಳ್ಳಿಯವರು ಬಿಡಲಿಲ್ಲ. 1968ರಲ್ಲಿ ಯೂನಿಯನ್-ವಿಟ್ಟನ್ ಎಂಬ ಸಣ್ಣ ಊರಿನ ಶಾಲೆಯ ಡೆನಿಸ್ ಲಾಂಗ್ ಎಂಬ ಹುಡುಗಿ ಒಂದೇ ಪಂದ್ಯದಲ್ಲಿ 111 ಅಂಕ ಹೊಡೆದಳು. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳಲ್ಲಿ ಗಂಡು ಹೆಣ್ಣು ಭೇದ ಕೂಡದು ಎಂಬ ಕಾನೂನು ಆ ದೇಶದಲ್ಲಿ ಬಂದದ್ದು 1972ರಲ್ಲಿ. ಆ ಹೆಡ್‌ಮಾಸ್ತರುಗಳು ಅದಕ್ಕೆ ಸುಮಾರು ಐವತ್ತು ವರ್ಷ ಮೊದಲೇ ಕೆಲಸ ಶುರು ಮಾಡಿದ್ದರು. ಅದೇ ಅಯೋವಾದ ಕೇಟ್ಲಿನ್ ಕ್ಲಾರ್ಕ್ 2024ರಲ್ಲಿ ಕಾಲೇಜು ಆಟದಲ್ಲಿ 3,951 ಅಂಕಗಳ ದಾಖಲೆ ಮಾಡಿದರು.

ಇನ್ನು ನಾನು ಹೇಳಬೇಕೆಂದಿರುವ ಹೆಣ್ಣುಮಗಳ ವಿಚಾರ. ಈಕೆ ಟೆನೆಸಿ ಎಂಬ ಬೇರೆ ರಾಜ್ಯದವರು. ಹೆಸರು ಪ್ಯಾಟ್ ಸಮ್ಮಿಟ್. 1952ರಲ್ಲಿ ಹೊಗೆಸೊಪ್ಪು ಬೆಳೆಯುವ, ಹಾಲು ಕರೆಯುವ ರೈತನ ಮನೆಯಲ್ಲಿ ಹುಟ್ಟಿದರು. ಮೂವರು ಅಣ್ಣಂದಿರು. ತಂದೆ ಬಹಳ ಬಿಗಿ. ಗಂಡುಮಕ್ಕಳು ಮಾಡುವ ಕೆಲಸವನ್ನೆಲ್ಲಾ ಮಗಳೂ ಮಾಡಬೇಕು. ಹಾಲು ಕರೆಯುವುದು, ಹುಲ್ಲು ಸಾಗಿಸುವುದು, ಹೊಗೆಸೊಪ್ಪಿನ ಕೆಲಸ ಎಲ್ಲಾ ಆಯಿತೆಂದರೆ, ರಾತ್ರಿ ಹುಲ್ಲು ಪೇರಿಸುವ ಅಟ್ಟದಲ್ಲಿ ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್.

ಹೈಸ್ಕೂಲಿಗೆ ಬಂದಾಗ ಒಂದು ತೊಡಕು ಎದುರಾಯಿತು. ಆ ಊರಿನ ಹೈಸ್ಕೂಲಿನಲ್ಲಿ ಹುಡುಗಿಯರ ತಂಡವಿರಲಿಲ್ಲ. ಪಕ್ಕದ ಜಿಲ್ಲೆಯ ಶಾಲೆಯಲ್ಲಿ ಇತ್ತು. ಮಗಳು ಆಡಲಿ ಎಂದು ಆ ಸಂಸಾರ ಹೆನ್ರಿಯೆಟ್ಟಾ ಎಂಬ ಹಳ್ಳಿಗೆ ಮನೆ ಬದಲಾಯಿಸಿತು. ಮಕ್ಕಳ ಓದಿಗೆ ಬೆಂಗಳೂರಿಗೆ ಮನೆ ಮಾಡಿದವರು ನಮ್ಮಲ್ಲೂ ಇದ್ದಾರೆ. ಮಗಳ ಆಟಕ್ಕೆ ಮನೆ ಬದಲಾಯಿಸಿದ ರೈತನ ವಿಚಾರ ನಾನು ಓದಿದ್ದು ಇದೊಂದೇ.

1974ರಲ್ಲಿ, 22ನೇ ವಯಸ್ಸಿಗೆ, ಅವರು ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ತರಬೇತುದಾರರಾದರು. ಸಂಬಳ ತಿಂಗಳಿಗೆ 250 ಡಾಲರ್. ವ್ಯಾನ್ ಓಡಿಸುವುದೂ ಅವರೇ, ಆಟಗಾರ್ತಿಯರ ಬಟ್ಟೆ ಒಗೆಯುವುದೂ ಅವರೇ. ಮಹಿಳಾ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದೇ 1976ರಲ್ಲಿ. ಆ ಸಲ ಆಡಿ ಬೆಳ್ಳಿ ಪದಕ ತಂದರು. 1984ರಲ್ಲಿ ಅದೇ ದೇಶದ ತಂಡಕ್ಕೆ ಗುರುವಾಗಿ ಚಿನ್ನ ಗೆಲ್ಲಿಸಿದರು. 38 ವರ್ಷದಲ್ಲಿ 1,098 ಪಂದ್ಯ ಗೆಲುವು, 8 ಸಲ ರಾಷ್ಟ್ರ ಮಟ್ಟದ ಕಾಲೇಜು ಪ್ರಶಸ್ತಿ.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು. ಅವರ ಆಟಗಾರ್ತಿಯರು ಕ್ಲಾಸ್ ತಪ್ಪಿಸುವ ಹಾಗಿಲ್ಲ, ಮುಂದಿನ ಮೂರು ಸಾಲಿನಲ್ಲೇ ಕೂರಬೇಕು. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಹುಡುಗಿಯರೆಲ್ಲಾ ಪದವಿ ಮುಗಿಸಿಯೇ ಹೊರಗೆ ಬಂದರು. ಆಟಕ್ಕೆ ಕಳಿಸಿದರೆ ಓದು ಹಾಳು ಎನ್ನುವವರಿಗೆ ಇದೇ ಉತ್ತರ.

2011ರಲ್ಲಿ ಅವರಿಗೆ ಮರೆವಿನ ಕಾಯಿಲೆ ಇದೆ ಎಂದು ಗೊತ್ತಾಯಿತು. ಮುಚ್ಚಿಡಲಿಲ್ಲ. ಬಹಿರಂಗವಾಗಿ ಹೇಳಿ, ಇನ್ನೊಂದು ಋತು ತಂಡ ನಡೆಸಿ, 2012ರಲ್ಲಿ ನಿವೃತ್ತರಾದರು. 2016ರಲ್ಲಿ, 64ನೇ ವಯಸ್ಸಿಗೆ, ತೀರಿಕೊಂಡರು.

ಈಗ ನಮ್ಮ ಕಡೆಗೆ ಬರೋಣ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಎರಡನೇ ದರ್ಜೆಯ ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಕಝಕಸ್ತಾನವನ್ನು 75-73ರಿಂದ ಸೋಲಿಸಿ ಮೊದಲ ದರ್ಜೆಗೆ ಏರಿದರು. ಇಷ್ಟು ಹತ್ತಿರ ನಡೆದ ಈ ಗೆಲುವಿನ ಸುದ್ದಿ ನಮ್ಮ ಊರಿನ ಎಷ್ಟು ಮನೆಗೆ ಮುಟ್ಟಿತೋ! ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ವಿದ್ಯಾನಗರದ ಸರ್ಕಾರಿ ಕ್ರೀಡಾ ಶಾಲೆ ಇದೆ. ಹಳ್ಳಿ ಮಕ್ಕಳಿಗೆ ಅದೇನು ಆಕಾಶದ ಮೇಲಿನ ಜಾಗವಲ್ಲ.

ಹಾಲಿನ ವಿಚಾರದಲ್ಲಿ ನಾವು ಹಿಂದೆ ಬಿದ್ದವರಲ್ಲ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದಮೇಲೆ ರೈತರು ಹಾಕಿದ ಹಾಲು ಪುಡಿಯಾಗಿ ಶಾಲೆ ಮಕ್ಕಳ ಲೋಟಕ್ಕೂ ಹೋಗುತ್ತಿದೆ. ಈ ಹಾಲಿನ ಹಿಂದೆ ಇರುವ ದುಡಿಮೆ ಯಾರದ್ದು? ಸಗಣಿ ಬಾಚುವುದು, ಹಿಂಡಿ ಬೂಸಾ ಕಲೆಸುವುದು, ಹಾಲು ಕರೆಯುವುದು, ಬಹುಪಾಲು ಮನೆಗಳಲ್ಲಿ ಹೆಂಗಸರೇ. ಸಂಜೆ ಶಾಲೆ ಬಿಟ್ಟ ಹೊತ್ತಿಗೇ ಎರಡನೇ ಹಾಲು ಕರೆಯುವ ಹೊತ್ತು. ಹುಡುಗರು ಬ್ಯಾಟು ಹಿಡಿದು ಬಯಲಿಗೆ ಹೋಗುತ್ತಾರೆ, ಹುಡುಗಿಯರು ಕ್ಯಾನು ಹಿಡಿದು ಡೈರಿಗೆ ಬರುತ್ತಾರೆ. ಡೈರಿ ಬಾಗಿಲಲ್ಲಿ ನಿಂತು ದಿನಾ ನೋಡುವ ನನಗೆ, ನಮ್ಮ ಹುಡುಗಿಯರ ಆಟ ಎಲ್ಲಿ ನಿಂತುಹೋಗುತ್ತಿದೆ ಎಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

ಪ್ಯಾಟ್ ಅವರ ಮನೆಯಲ್ಲಿ ಕೊಟ್ಟಿಗೆ ಕೆಲಸ ಆಟಕ್ಕೆ ಅಡ್ಡ ಬರಲಿಲ್ಲ. ಯಾಕೆಂದರೆ ಅಲ್ಲಿ ಅಣ್ಣಂದಿರೂ ದುಡಿದರು, ತಂಗಿಯೂ ದುಡಿದಳು. ಆಮೇಲೆ ಎಲ್ಲರೂ ಕೂಡಿ ಆಡಿದರು. ಭಾಗ ಸರಿಯಾಗಿತ್ತು, ಅಷ್ಟೇ.

ಆದುದರಿಂದ ನನ್ನದು ಎರಡು ಸಲಹೆ. ಒಂದು, ಸಂಘದ ಲಾಭದಲ್ಲಿ ಸಾರ್ವಜನಿಕ ಕೆಲಸಕ್ಕೆಂದು ಕೊಡಬಹುದಾದ ಹಣದಿಂದ ನಮ್ಮ ಶಾಲೆ ಬಯಲಿನಲ್ಲಿ ಎರಡು ಕಂಬ ನಿಲ್ಲಿಸಿ, ಹತ್ತು ಅಡಿ ಎತ್ತರಕ್ಕೆ ರಿಂಗ್ ಹಾಕಿಸೋಣ. ಎರಡು, ವಾರದಲ್ಲಿ ಮೂರು ಸಂಜೆ ಮನೆಯ ಗಂಡುಮಕ್ಕಳೇ ಹಾಲು ಕರೆದು ಡೈರಿಗೆ ತರಲಿ. ಮೊದಲನೆಯದಕ್ಕೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು, ಅದನ್ನು ಮುಂದಿನ ಸಭೆಯಲ್ಲಿ ನಾನೇ ಮಂಡಿಸುತ್ತೇನೆ. ಎರಡನೆಯದಕ್ಕೆ ಯಾವ ಸಭೆಯ ಒಪ್ಪಿಗೆಯೂ ಬೇಡ, ಇವತ್ತಿನ ಸಂಜೆಯಿಂದಲೇ ಆಗಬಹುದು.